ಪಕ್ಕದ ಮನೆಯವರು ಒಪ್ಪದೆ ಇರುವೆ ಹೋಗಲ್ಲ: ಹವಾಯಿಯಲ್ಲಿ ಇಡೀ ಬೀದಿ ಸೇರಿ ಪುಟ್ಟ ಬೆಂಕಿ ಇರುವೆಯನ್ನು ತಡೆಯುವ ಬಗೆ

ನಮ್ಮ ಮನೆಗೆ ಅದು ಬಂದದ್ದು ಕರಿಬೇವಿನ ಗಿಡದ ಜೊತೆ. ಹಿಲೋ ಪಟ್ಟಣದ ಆಚೆ, ಪುನಾ ಕಡೆ ಇರುವ ಪರಿಚಯದವರೊಬ್ಬರು ಪ್ರೀತಿಯಿಂದ ಒಂದು ಸಸಿ ಕೊಟ್ಟರು. ಇಲ್ಲಿ ಕರಿಬೇವು ಸಿಕ್ಕರೆ ಬಂಗಾರ ಸಿಕ್ಕ ಹಾಗೆ. ಬೇಡ ಅನ್ನೋದುಂಟಾ? ಕುಂಡವನ್ನು ತಂದು ಹಿತ್ತಲಲ್ಲಿ ಇಟ್ಟೆವು. ಒಂದೂವರೆ ವರ್ಷದ ಮೇಲೆ ಒಂದು ಸಂಜೆ ಒಗ್ಗರಣೆಗೆ ನಾಲ್ಕು ಎಸಳು ಕೀಳೋಣ ಅಂತ ಹೋದೆ. ಕೊಂಬೆ ಬಗ್ಗಿಸಿದ್ದೇ ತಡ, ಕತ್ತಿನ ಹಿಂದೆ ಕಾದ ಸಾಸಿವೆ ಸಿಡಿದ ಹಾಗಾಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರೆ ಅಂಗಿಯ ಕಾಲರ್ ಮೇಲೆ ರಾಗಿ ಕಾಳಿನಷ್ಟು ಕೆಂಪು ಚುಕ್ಕೆಗಳು. ಏನೂ ಅವಸರವಿಲ್ಲದೆ ನಡೆದುಕೊಂಡು ಹೋಗುತ್ತಿದ್ದವು.

ಇದೇ ಪುಟ್ಟ ಬೆಂಕಿ ಇರುವೆ. ಇಲ್ಲಿನವರು ಲಿಟಲ್ ಫೈರ್ ಆಂಟ್ ಅನ್ನುತ್ತಾರೆ. ಶಾಸ್ತ್ರದ ಹೆಸರು ವಾಸ್ಮಾನಿಯಾ ಆರೋಪಂಕ್ಟಾಟಾ. ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಹವಾಯಿಗೆ ತನ್ನದು ಅಂತ ಒಂದು ಇರುವೆಯೂ ಇರಲಿಲ್ಲ ಅಂದರೆ ನಂಬುತ್ತೀರಾ? ಈಗಿರುವ 50ಕ್ಕೂ ಹೆಚ್ಚು ಬಗೆಯ ಇರುವೆಗಳೆಲ್ಲ ಜನರ ಸಾಮಾನಿನ ಜೊತೆ ಬಂದವು. ಇದು ನಾವಿರುವ ದ್ವೀಪವಾದ ಬಿಗ್ ಐಲ್ಯಾಂಡಿನ ಪುನಾದಲ್ಲಿ 1999ರಲ್ಲಿ ಮೊದಲು ಕಣ್ಣಿಗೆ ಬಿತ್ತು. ಅಷ್ಟು ಹೊತ್ತಿಗೆ ಕುಂಡದ ಗಿಡಗಳ ಜೊತೆ ಸಾಕಷ್ಟು ಕಡೆ ಹೋಗಿ ಆಗಿತ್ತು.

ಇದು ನೆಲದಲ್ಲಷ್ಟೇ ಅಲ್ಲ, ಮರದ ಮೇಲೂ ಗೂಡು ಮಾಡುತ್ತದೆ. ಗಾಳಿಗೆ ಕೊಂಬೆ ಅಲ್ಲಾಡಿದರೆ ಕೆಳಗಿದ್ದವರ ಮೇಲೆ ಉದುರುತ್ತದೆ. ಕಚ್ಚಿದ ಕಡೆ ದದ್ದು ಏಳುತ್ತದೆ, ದಿನಗಟ್ಟಲೆ ತುರಿಸುತ್ತದೆ. ಇರುವೆ ಇರುವ ಹಿತ್ತಲಿನ ನಾಯಿ ಬೆಕ್ಕುಗಳ ಕಣ್ಣು ಮಂಜಾಗುವುದನ್ನು ಇಲ್ಲಿ ಎಷ್ಟೋ ಜನ ನೋಡಿದ್ದಾರೆ. ಹಿಟ್ಟು ತಿಗಣೆ, ಗಿಡಹೇನುಗಳನ್ನು ಇದು ಹಸು ಸಾಕಿದ ಹಾಗೆ ಸಾಕುತ್ತದೆ, ಹಾಗಾಗಿ ಬೆಳೆಗೂ ಪೆಟ್ಟು. ಹಣ್ಣು ಕೀಳಲು ಕೂಲಿಯವರು ಬರಲ್ಲ ಅಂದುಬಿಡುತ್ತಾರೆ.

ನಾನು ಮಾಡಿದ ಮೊದಲ ತಪ್ಪು ಎಲ್ಲರೂ ಮಾಡುವಂಥದ್ದೇ. ಅಂಗಡಿಗೆ ಹೋಗಿ ಸ್ಪ್ರೇ ಡಬ್ಬಿ ತಂದು ಗಿಡಕ್ಕೆಲ್ಲ ಹೊಡೆದೆ. ಎರಡು ವಾರ ನೆಮ್ಮದಿ. ಮೂರನೇ ವಾರ ಬೇಲಿಯ ಆಚೆಯಿಂದ ವಾಪಸ್ ಬಂದವು. ಆಗ ಗೊತ್ತಾಯಿತು, ಇದು ನಮ್ಮೊಬ್ಬರ ಹಿತ್ತಲಿನ ಕೆಲಸವಲ್ಲ ಅಂತ. ಔಷಧಿ ಹಾಕುವುದು ಇದರಲ್ಲಿ ಕಾಲು ಭಾಗ. ಮುಕ್ಕಾಲು ಭಾಗ ಜನರ ಜೊತೆ ಮಾತು. ಆ ಮುಕ್ಕಾಲನ್ನು ಯಾವ ಔಷಧಿ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ಮೊದಲು ನಿಮ್ಮ ಹಿತ್ತಲು ನೋಡಿಕೊಳ್ಳಿ

ಬೇರೆಯವರ ಬಾಗಿಲು ತಟ್ಟುವ ಮೊದಲು ನಿಮ್ಮಲ್ಲಿ ಇದೆಯೋ ಇಲ್ಲವೋ ಖಚಿತ ಮಾಡಿಕೊಳ್ಳಿ. ಬೇಕಾದದ್ದು ಚಾಪ್‌ಸ್ಟಿಕ್ ಕಡ್ಡಿಗಳು, ಪೀನಟ್ ಬಟರ್, ಜಿಪ್ ಇರುವ ಪ್ಲಾಸ್ಟಿಕ್ ಕವರ್, ಮಾರ್ಕರ್ ಪೆನ್ನು. ಇಷ್ಟೇ.

ಕಡ್ಡಿಯ ತುದಿಗೆ ಪೀನಟ್ ಬಟರನ್ನು ತೆಳ್ಳಗೆ ಸವರಿ. ದೋಸೆಗೆ ಚಟ್ನಿ ಹಚ್ಚಿದ ಹಾಗೆ ದಪ್ಪಗೆ ಬೇಡ. ದಪ್ಪ ಹಚ್ಚಿದರೆ ಇರುವೆ ಅದರೊಳಗೆ ಹೂತುಹೋಗುತ್ತದೆ, ಆಮೇಲೆ ಯಾವ ಇರುವೆ ಅಂತ ಗುರುತಿಸುವುದು ಕಷ್ಟ. ಸುಮ್ನೆ ಬಣ್ಣ ಬಂದರೆ ಸಾಕು.

ಕಡ್ಡಿಯನ್ನು ನೆರಳಿರುವ, ತೇವ ಇರುವ ಜಾಗದಲ್ಲಿಡಿ. ಕುಂಡದ ಅಂಚು, ಬಾಳೆಯ ಬುಡ, ಮರದ ಕವಲು, ಒಣಗಿದ ಎಲೆ ರಾಶಿ, ನಲ್ಲಿಯ ಹತ್ತಿರ, ಕಾರು ನಿಲ್ಲಿಸುವ ಕಡೆ. ಕೆಲವೇ ಹೆಜ್ಜೆಗೊಂದು ಕಡ್ಡಿ ಇರಲಿ. ಬೆಳಗ್ಗೆ ಬೇಗ ಅಥವಾ ಸಂಜೆಗೆ ಮುಂಚೆ ಇಡುವುದು ಒಳ್ಳೆಯದು. ಉರಿ ಬಿಸಿಲಲ್ಲಿ, ಮಳೆಯಲ್ಲಿ ಇಟ್ಟು ‘ನಮ್ಮಲ್ಲಿ ಇಲ್ಲ’ ಅಂದುಕೊಳ್ಳಬೇಡಿ. ಹಿಲೋ ಕಡೆ ಮಳೆ ನಮ್ಮ ಕರಾವಳಿಯ ಹಾಗೆ, ಬಿಡುವು ನೋಡಿಕೊಂಡು ಕೆಲಸ ಮಾಡಬೇಕು.

ಒಂದು ಗಂಟೆ ಬಿಡಿ. ಕಾಫಿ ಕುಡಿದು ಬನ್ನಿ. ಆಮೇಲೆ ಕಡ್ಡಿಯನ್ನು ಹಾಗೇ ಎತ್ತಿ ಕವರಿಗೆ ಹಾಕಿ, ಜಿಪ್ ಎಳೆಯಿರಿ. ಕವರಿನ ಮೇಲೆ ಹೆಸರು, ವಿಳಾಸ, ಫೋನ್ ನಂಬರ್, ತಾರೀಕು ಬರೆಯಿರಿ. ಎಲ್ಲಿಟ್ಟ ಕಡ್ಡಿ ಅಂತಲೂ ಬರೆಯಿರಿ, ‘ಕರಿಬೇವಿನ ಕುಂಡ’, ‘ಹಿಂದಿನ ಬೇಲಿ’ ಅಂತ. ಈ ಕೊನೆಯದನ್ನು ಬರೆಯಲು ಮರೆತು ನಾನು ಒಮ್ಮೆ ಹಿತ್ತಲು ಪೂರ್ತಿ ಮತ್ತೆ ಕಡ್ಡಿ ಇಡಬೇಕಾಯಿತು. ಕವರನ್ನು ಫ್ರೀಜರಿನಲ್ಲಿ 24 ಗಂಟೆ ಇಟ್ಟರೆ ಇರುವೆ ಸಾಯುತ್ತದೆ. ಮನೆಯವರಿಗೆ ಮೊದಲೇ ಹೇಳಿ ಇಡಿ. ಐಸ್‌ಕ್ರೀಮಿನ ಪಕ್ಕದಲ್ಲಿ ಇರುವೆ ಕವರ್ ನೋಡಿದರೆ ಆಮೇಲೆ ಬೇರೆಯೇ ಸಭೆ ನಡೆಯುತ್ತದೆ. ಅಲ್ಲಿಂದ ಕವರನ್ನು ಹಿಲೋದಲ್ಲಿರುವ ಹವಾಯಿ ಆಂಟ್ ಲ್ಯಾಬಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲಿನವರು ಗುರುತಿಸಿ ಹೇಳುತ್ತಾರೆ.

ನೀವೇ ಅಂದಾಜು ಮಾಡುವುದಾದರೆ ಮೂರು ಗುರುತು. ಉದ್ದ ಸುಮಾರು ಒಂದೂವರೆ ಮಿಲಿಮೀಟರ್. ಬಣ್ಣ ಕಿತ್ತಳೆ ಬೆರೆತ ಕೆಂಪು. ಸಾಲಿನಲ್ಲಿ ಎಲ್ಲವೂ ಒಂದೇ ಅಳತೆ, ಒಂದೇ ನಿಧಾನ. ಗಡಿಬಿಡಿಯಲ್ಲಿ ಓಡಾಡುತ್ತಿದ್ದರೆ, ಸಾಲಿನಲ್ಲಿ ದೊಡ್ಡದು ಚಿಕ್ಕದು ಎರಡೂ ಇದ್ದರೆ, ಅದು ಬಹುಶಃ ಬೇರೆ ಇರುವೆ.

ಹಂತ 2: ಬೀದಿಯ ನಕ್ಷೆ

ಒಂದು ಹಾಳೆಯಲ್ಲಿ ನಿಮ್ಮ ಬೀದಿ ಬರೆಯಿರಿ. ಗೂಗಲ್ ನಕ್ಷೆ ಪ್ರಿಂಟ್ ತೆಗೆದರೂ ಆಯಿತು. ಪ್ರತಿ ಮನೆಗೂ ಒಂದು ಚೌಕ. ಇರುವೆ ಸಿಕ್ಕಿದ ಮನೆಗೆ ಕೆಂಪು, ಸಿಗದ ಮನೆಗೆ ಹಸಿರು, ನೋಡದ ಮನೆ ಖಾಲಿ. ನಿಮ್ಮ ಮನೆಯ ಎರಡು ಪಕ್ಕ, ಹಿಂದೆ, ಎದುರು, ಇವು ಮೊದಲು. ಇಲ್ಲಿಂದ ಹೊರಕ್ಕೆ ಹೋಗಿ.

ಪುನಾದ ಬಡಾವಣೆಗಳಲ್ಲಿ ಎಷ್ಟೋ ಸೈಟು ಒಂದು ಎಕರೆ, ಅಂದರೆ 40 ಗುಂಟೆ. ಖಾಲಿ ಸೈಟುಗಳೂ ಬೇಕಾದಷ್ಟು, ಒಳಗೆ ಕಾಡು ಬೆಳೆದಿರುತ್ತದೆ. ಮಾಲೀಕರು ಕ್ಯಾಲಿಫೋರ್ನಿಯಾದಲ್ಲೋ ಜಪಾನಿನಲ್ಲೋ ಇರುತ್ತಾರೆ. ನಕ್ಷೆಯಲ್ಲಿ ಇಂಥ ಸೈಟನ್ನು ಬಿಡಬೇಡಿ. ಕೌಂಟಿಯ (ಇಲ್ಲಿನ ಸ್ಥಳೀಯ ಆಡಳಿತ) ಆಸ್ತಿ ತೆರಿಗೆ ದಾಖಲೆ ಯಾರು ಬೇಕಾದರೂ ನೋಡಬಹುದಾದದ್ದು. ಸೈಟ್ ನಂಬರ್ ಹಾಕಿದರೆ ಮಾಲೀಕರ ಅಂಚೆ ವಿಳಾಸ ಸಿಗುತ್ತದೆ. ಒಂದು ಪುಟದ ಕಾಗದ ಬರೆಯಿರಿ. ಜೊತೆಗೆ ‘ನನ್ನ ಜಾಗದಲ್ಲಿ ಬೈಟ್ (ಇರುವೆಗೆ ಹಾಕುವ ಔಷಧಿ ಬೆರೆಸಿದ ತಿಂಡಿ) ಹಾಕಲು ಒಪ್ಪಿದ್ದೇನೆ’ ಅಂತ ಒಂದು ಚೀಟಿ, ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಕವರು ಇಡಿ. ಸ್ಟಾಂಪ್ ಅಂಟಿಸಿದ್ದರೆ ಉತ್ತರ ಬರುವುದು ಜಾಸ್ತಿ. ಒಪ್ಪಿಗೆ ಬಾರದೆ ಬೇರೆಯವರ ಸೈಟಿಗೆ ಕಾಲಿಡಬೇಡಿ, ಖಾಲಿ ಇದ್ದರೂ ಸರಿ. ಆ ಕಡೆಯ ಬೇಲಿಯ ಗುಂಟ ನಿಮ್ಮ ಜಾಗದಲ್ಲೇ ಒಂದು ಪಟ್ಟಿ ಬಿಡದೆ ಬೈಟ್ ಹಾಕುತ್ತಾ ಹೋಗಿ. ಪೂರ್ತಿ ತಡೆಯಲ್ಲ, ಆದರೆ ಬರುವ ವೇಗ ಕಡಿಮೆಯಾಗುತ್ತದೆ.

ಹಂತ 3: ಬಾಗಿಲು ತಟ್ಟುವುದು

ಇಲ್ಲಿ ನಿಧಾನ ಮಾಡಿ. ನಾನು ಮೊದಲ ಸಲ ಹೋದಾಗ ಎಲ್ಲ ತಪ್ಪನ್ನೂ ಒಟ್ಟಿಗೆ ಮಾಡಿದೆ. ಕೈಯಲ್ಲಿ ಆರು ಪುಟದ ಪ್ರಿಂಟ್, ಬಾಯಲ್ಲಿ ‘ನಿಮ್ಮ ಹಿತ್ತಲಿನಿಂದ ನಮ್ಮ ಮನೆಗೆ ಬರುತ್ತಿದೆ’ ಅನ್ನುವ ಮಾತು. ಎದುರು ಮನೆಯ ಹಿರಿಯರು ಪೂರ್ತಿ ಕೇಳಿಸಿಕೊಂಡು ‘ಸರಿಯಪ್ಪ’ ಎಂದು ಬಾಗಿಲು ಹಾಕಿಕೊಂಡರು. ಮತ್ತೆ ಆ ಬಾಗಿಲು ತೆಗೆಸಲು ಎರಡು ತಿಂಗಳು ಹಿಡಿಯಿತು.

ಹವಾಯಿಯಲ್ಲಿ ನಮ್ಮವರಿಗೆ ಸುಲಭವಾಗುವ ಒಂದೆರಡು ರೂಢಿಗಳಿವೆ. ವಯಸ್ಸಿನಲ್ಲಿ ದೊಡ್ಡವರನ್ನು ನೆಂಟರಲ್ಲದಿದ್ದರೂ ಆಂಟಿ, ಅಂಕಲ್ ಅಂತಲೇ ಕರೆಯುತ್ತಾರೆ. ಚಪ್ಪಲಿ ಬಾಗಿಲ ಹೊರಗೆ ಬಿಡಬೇಕು. ಬರಿಗೈಯಲ್ಲಿ ಹೋಗುವುದಿಲ್ಲ. ನಾವು ಬೆಳೆದದ್ದೂ ಹೀಗೇ ಅಲ್ವಾ? ಹಿತ್ತಲಿನ ಬಾಳೆಹಣ್ಣು ಒಯ್ಯಿರಿ. ಒಯ್ಯುವ ಮೊದಲು ಚಿಪ್ಪಿನ ಸಂದಿಯಲ್ಲಿ ಇರುವೆ ಇಲ್ಲ ಅಂತ ನೋಡಿಕೊಳ್ಳಿ. ಇರುವೆ ತಡೆಯುವ ಮಾತಿಗೆ ಹೋಗಿ ಇರುವೆ ಕೊಟ್ಟು ಬಂದರೆ ಬೀದಿಯವರು ಹತ್ತು ವರ್ಷ ನಗುತ್ತಾರೆ.

ಮಾತು ಹೀಗೆ ಶುರುವಾದರೆ ಒಳ್ಳೆಯದು: ‘ಆಂಟಿ, ನಮ್ಮ ಹಿತ್ತಲಲ್ಲಿ ಬೆಂಕಿ ಇರುವೆ ಸಿಕ್ಕಿತು. ನಿಮಗೂ ಕಚ್ಚಿದೆಯಾ?’ ತಪ್ಪು ನಿಮ್ಮ ಮನೆಯಿಂದ ಶುರುವಾಗಲಿ. ಆಮೇಲೆ ಸುಮ್ಮನಿದ್ದು ಕೇಳಿ. ಇರುವೆ ಯಾವ ಕಡೆ ಮೊದಲು ಕಂಡಿತು, ನಾಯಿಯ ಕಣ್ಣಿಗೆ ಏನಾಯಿತು, ಮೊಮ್ಮಕ್ಕಳು ಹುಲ್ಲಿನ ಮೇಲೆ ಆಡುವುದನ್ನು ಯಾವಾಗ ನಿಲ್ಲಿಸಿದರು, ಇದೆಲ್ಲ ಅವರೇ ಹೇಳುತ್ತಾರೆ. ನಿಮ್ಮ ನಕ್ಷೆಗೆ ಬೇಕಾದದ್ದೂ ಅದೇ.

ಮೊದಲ ಭೇಟಿಯಲ್ಲಿ ಬೈಟ್ ಹಾಕಿ ಅಂತ ಕೇಳಬೇಡಿ. ಕಡ್ಡಿ ಇಟ್ಟು ನೋಡೋಣವಾ ಅಂತ ಮಾತ್ರ ಕೇಳಿ. ಇದಕ್ಕೆ ಯಾರೂ ಇಲ್ಲ ಅನ್ನಲ್ಲ. ಕಡ್ಡಿ ಇಟ್ಟ ಮೇಲೆ ಒಂದು ಗಂಟೆ ಕಾಯಬೇಕಲ್ಲ, ಆ ಒಂದು ಗಂಟೆಯೇ ನಿಮ್ಮ ಅಸಲಿ ಸಭೆ. ವಾಪಸ್ ಹೋಗಿ ಕಡ್ಡಿಯ ತುದಿ ಕೆಂಪಾಗಿರುವುದನ್ನು ಅವರು ಸ್ವತಃ ನೋಡಿದರೆ ನೀವು ಏನನ್ನೂ ವಿವರಿಸಬೇಕಾಗಿಲ್ಲ.

ಕೇಳಿಬರುವ ತಕರಾರುಗಳು ಕೆಲವೇ, ಆದರೆ ಎಲ್ಲ ಬೀದಿಯಲ್ಲೂ ಬರುತ್ತವೆ.

‘ನಾವು ವಿಷ ಹಾಕಲ್ಲ.’ ಇದು ಬಹಳ ಸಲ ಬರುತ್ತದೆ, ನ್ಯಾಯವೂ ಹೌದು. ‘ಇದು ವಿಷವೇ ಅಲ್ಲ’ ಅಂತ ಮಾತ್ರ ಹೇಳಬೇಡಿ. ಅದು ಸುಳ್ಳು, ಒಂದು ದಿನ ಸಿಕ್ಕಿಬೀಳುತ್ತೀರಿ. ಇದ್ದದ್ದನ್ನೇ ಹೇಳಿ. ಕಾಳಿನ ಬೈಟ್ ಅಂದರೆ ಮೆಕ್ಕೆಜೋಳದ ನುಚ್ಚಿಗೆ ಸೋಯಾ ಎಣ್ಣೆ, ಅದರಲ್ಲಿ ಸ್ವಲ್ಪವೇ ಕೀಟನಾಶಕ. ಹಿತ್ತಲಿಗೆಲ್ಲ ಸ್ಪ್ರೇ ಹೊಡೆಯುವುದಕ್ಕಿಂತ ಇದರಲ್ಲಿ ಬೀಳುವ ಔಷಧಿ ತೀರಾ ಕಡಿಮೆ. ಮೆಥೊಪ್ರೀನ್ ಅಂತ ಇನ್ನೊಂದು ಬಗೆ ಇದೆ. ಅದು ಬೆಳೆದ ಇರುವೆಯನ್ನು ಕೊಲ್ಲುವುದಿಲ್ಲ, ಮರಿ ಇರುವೆ ಬೆಳೆಯದ ಹಾಗೆ ಮಾಡುತ್ತದೆ. ಲೇಬಲ್ ಅವರ ಕೈಗೇ ಕೊಟ್ಟು ಓದಲು ಬಿಡಿ.

‘ಜೇನು ಸಾಯಲ್ವಾ?’ ನುಚ್ಚು, ಎಣ್ಣೆಗೆ ಜೇನು ಬರುವುದಿಲ್ಲ. ‘ಮೀನು?’ ಇದಕ್ಕೆ ಎಚ್ಚರಿಕೆ ಬೇಕು. ಕೊಳ, ತೊರೆ, ಹೊಂಡದ ಹತ್ತಿರ ಹಾಕುವಂತಿಲ್ಲ. ಮನೆಯಲ್ಲಿ ಮೀನಿನ ಕೊಳ ಇದ್ದರೆ ಆ ಸುತ್ತು ಬಿಟ್ಟೇ ಹಾಕುತ್ತೇವೆ ಅಂತ ನೀವೇ ಮೊದಲು ಹೇಳಿ.

‘ಎಲ್ಲರೂ ಮಾಡಲಿ, ಆಮೇಲೆ ನೋಡೋಣ.’ ಇವರ ಹತ್ತಿರ ವಾದ ಬೇಡ. ನಕ್ಷೆ ತೋರಿಸಿ. ಸುತ್ತ ಎಲ್ಲ ಹಸಿರಾಗಿ ತಮ್ಮ ಚೌಕ ಒಂದೇ ಖಾಲಿ ಕಂಡರೆ ತಾವಾಗಿ ಬರುತ್ತಾರೆ. ಬಾಡಿಗೆಗೆ ಇರುವವರಿದ್ದರೆ ಮಾಲೀಕರಿಗೆ ನಾನೇ ಫೋನ್ ಮಾಡುತ್ತೇನೆ ಅನ್ನಿ. ಬಾಡಿಗೆಯವರಿಗೆ ಆ ಫೋನ್ ಮಾಡುವುದೇ ದೊಡ್ಡ ಮುಜುಗರ.

ಇನ್ನೊಂದು ಮಾತು, ಭಾಷೆಯದು. ಇಲ್ಲಿ ಫಿಲಿಪ್ಪೀನ್ಸ್ ಮೂಲದ ಹಿರಿಯರಲ್ಲಿ ಎಷ್ಟೋ ಜನಕ್ಕೆ ಇಲೊಕಾನೊ ಆರಾಮ. ಬೀದಿಯಲ್ಲಿ ಆ ಭಾಷೆ ಬರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ನಿಮ್ಮ ಆರು ಪುಟದ ಪ್ರಿಂಟಿಗಿಂತ ಕೆಲಸ ಆಗುತ್ತದೆ. ಹಿರಿಯರ ತೋಟವೇ ಸಾಮಾನ್ಯವಾಗಿ ಬೀದಿಯಲ್ಲಿ ದೊಡ್ಡದು, ಗಿಡ ಹಂಚುವವರೂ ಅವರೇ.

ಹೊರಗಿನ ಜೀವಿ ಅಂದ ಮಾತ್ರಕ್ಕೆ ಎಲ್ಲರಿಗೂ ಅದು ಶತ್ರು ಅಂದುಕೊಳ್ಳಬೇಡಿ. ಇದೇ ದ್ವೀಪದ ಕೊಕಿ ಕಪ್ಪೆಯ ಕಥೆ ನೋಡಿ. ಪೋರ್ಟೊ ರಿಕೋದಿಂದ ನರ್ಸರಿ ಗಿಡಗಳಲ್ಲಿ ಬಂತು. ಹೆಬ್ಬೆರಳಷ್ಟೂ ಇಲ್ಲದ ಕಪ್ಪೆ, ಹತ್ತಿರದಿಂದ ಕೇಳಿದರೆ ಸದ್ದು ಸುಮಾರು 90 ಡೆಸಿಬಲ್. ರಾತ್ರಿ ನಿದ್ದೆ ಬರಲ್ಲ ಅಂತ ಸಿಟ್ರಿಕ್ ಆಸಿಡ್ ನೀರು ಹೊಡೆದು ಕೊಂದವರು ಒಂದು ಕಡೆ. ಸದ್ದು ಇಷ್ಟ, ಕೊಲ್ಲುವುದು ಪಾಪ ಅಂತ ಅದಕ್ಕೆ ಅಭಯಧಾಮ ಮಾಡಿದವರು ಇನ್ನೊಂದು ಕಡೆ. ತವರಿನಲ್ಲಿ ಅದು ಜನರ ಮುದ್ದಿನ ಕಪ್ಪೆ. ಈಗ ಬಿಗ್ ಐಲ್ಯಾಂಡಿನ ಬಹುಪಾಲು ಕಡೆ ಅದರ ಜೊತೆಗೇ ಬದುಕು. ನನಗನ್ನಿಸುವುದು, ಬೀದಿ ಎರಡು ಹೋಳಾಗುವ ಮೊದಲು ಮಾತಾಡಿಸಬೇಕಿತ್ತು ಅಂತ. ಬೆಂಕಿ ಇರುವೆಯ ವಿಷಯದಲ್ಲಿ ಒಂದು ಅನುಕೂಲ, ಅದನ್ನು ಮುದ್ದು ಮಾಡುವವರು ಇನ್ನೂ ನನಗೆ ಸಿಕ್ಕಿಲ್ಲ.

ಹಂತ 4: ಒಂದು ಸಂಜೆ, ಒಂದು ಟೇಬಲ್

ಐದಾರು ಮನೆ ‘ಹೂಂ’ ಅಂದ ಮೇಲೆ ಒಟ್ಟಿಗೆ ಸೇರಿ. ಅವರವರ ಮನೆಯಿಂದ ಒಂದೊಂದು ಅಡುಗೆ ತರುವ ಊಟ ಇಟ್ಟರೆ ಜನ ಬರುತ್ತಾರೆ. ಬರೀ ಭಾಷಣ ಇಟ್ಟರೆ ಬರಲ್ಲ. ಹೆಚ್ಚೆಂದರೆ 20 ನಿಮಿಷ ಮಾತು. ಹೊರಗಿನಿಂದ ಬಂದು ಹಾವಳಿ ಮಾಡುವ ಜೀವಿಗಳನ್ನು ತಡೆಯುವ ಬಿಗ್ ಐಲ್ಯಾಂಡಿನ ಆಕ್ರಮಣಕಾರಿ ಜೀವಿ ಸಮಿತಿ ನೆರೆಹೊರೆಯವರ ಗುಂಪುಗಳಿಗೆ ತರಬೇತಿ ಕೊಡುತ್ತದೆ. ಆಂಟ್ ಲ್ಯಾಬಿನವರೂ ಸಲಹೆ ಕೊಡುತ್ತಾರೆ. ಅವರನ್ನು ಕರೆಯಿರಿ, ಆದರೆ ಬೀದಿಯ ಪರವಾಗಿ ಮಾತಾಡುವವರು ಬೀದಿಯವರೇ ಆಗಿರಲಿ.

ಅವತ್ತು ಎಲ್ಲರ ತಲೆಗೆ ಹೋಗಬೇಕಾದ ವಿಷಯ ಒಂದೇ. ಈ ಇರುವೆಯ ರಾಣಿ ಹಾರಿಹೋಗಿ ದೂರದಲ್ಲಿ ಹೊಸ ಗೂಡು ಮಾಡುವುದಿಲ್ಲ. ಗೂಡು ಒಡೆದು, ನಡೆದುಕೊಂಡು ಪಕ್ಕಕ್ಕೆ ಹೋಗುತ್ತದೆ. ಒಂದು ಗೂಡಿನಲ್ಲಿ ರಾಣಿಗಳು ಹಲವು. ಹಾಗಾದರೆ ಇಷ್ಟು ದೂರ ಹೇಗೆ ಬಂತು? ನಾವೇ ಹೊತ್ತು ತಂದದ್ದು. ಕುಂಡ, ಗಿಡದ ಬುಡಕ್ಕೆ ಹಾಸುವ ಮಲ್ಚ್, ಸೌದೆ, ಕತ್ತರಿಸಿದ ಹೂವು, ಕಾರಿನ ಡಿಕ್ಕಿ. ಇದು ತಲೆಗೆ ಹೋದರೆ ಉಳಿದದ್ದನ್ನು ಜನ ತಾವೇ ಜೋಡಿಸಿಕೊಳ್ಳುತ್ತಾರೆ.

ಮಕ್ಕಳಿಗೆ ಕಡ್ಡಿ ಕೊಡಿ. ಕಡ್ಡಿ ಇಡುವುದು, ಲೆಕ್ಕ ಹಾಕುವುದು, ನಕ್ಷೆಗೆ ಬಣ್ಣ ಹಚ್ಚುವುದು ಅವರ ಕೆಲಸ. ದೊಡ್ಡವರಿಗಿಂತ ಶಿಸ್ತಾಗಿ ಮಾಡುತ್ತಾರೆ. ಹತ್ತಿರದ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಹೇಳಿ ನೋಡಿ, ಒಂದು ತರಗತಿ ಒಂದೇ ವಾರದಲ್ಲಿ ಇಡೀ ಬಡಾವಣೆ ನೋಡಿಬಿಡುತ್ತದೆ. ಬೈಟ್ ಮಾತ್ರ ಮಕ್ಕಳ ಕೈಗೆ ಕೊಡಬೇಡಿ.

ಎದ್ದು ಹೋಗುವ ಮೊದಲು ಮೂರು ತೀರ್ಮಾನ ಆಗಬೇಕು: ಮೊದಲ ಬೈಟಿನ ತಾರೀಕು, ಮಳೆ ಬಂದರೆ ಬದಲಿ ತಾರೀಕು, ದುಡ್ಡು ಕೂಡಿಸಿ ಒಟ್ಟಿಗೆ ಬೈಟ್ ತರುವವರು ಯಾರು.

ಹಂತ 5: ಬೈಟ್ ಹಾಕುವ ದಿನ

ಎಲ್ಲ ಮನೆಯಲ್ಲೂ ಅದೇ ದಿನ, ಬಹಳ ಅಂದರೆ ಅದೇ ವಾರ. ಈ ನಿಯಮ ಸಡಿಲ ಮಾಡಬೇಡಿ.

ಬೈಟ್ ಕೆಲಸ ಮಾಡುವುದು ನಿಧಾನವಾಗಿ, ಅದೇ ಅದರ ಗುಟ್ಟು. ಕೆಲಸಗಾರ ಇರುವೆ ಅದನ್ನು ತಿಂಡಿ ಅಂದುಕೊಂಡು ಗೂಡಿಗೆ ಒಯ್ದು ರಾಣಿಗೆ, ಮರಿಗೆ ತಿನ್ನಿಸಬೇಕು. ದಾರಿಯಲ್ಲೇ ಸತ್ತರೆ ರಾಣಿಗೆ ಏನೂ ಆಗಲ್ಲ. ನನ್ನ ಸ್ಪ್ರೇ ಡಬ್ಬಿ ಸೋತದ್ದು ಇಲ್ಲೇ. ಬೈಟ್ ಹಾಕುವ ಜಾಗದಲ್ಲಿ ಸ್ಪ್ರೇ ಹೊಡೆದಿದ್ದರೆ ಇರುವೆ ಹತ್ತಿರವೂ ಸುಳಿಯಲ್ಲ. ಎರಡನ್ನೂ ಬೆರೆಸಬೇಡಿ.

ನೆಲ ಒಣಗಿರಬೇಕು. ಹಾಕಿದ ಮೇಲೆ ಒಂದು ದಿನ ಮಳೆ ಇರಬಾರದು, ಗಿಡಕ್ಕೆ ನೀರೂ ಬಿಡಬಾರದು. ನೆನೆದ ನುಚ್ಚನ್ನು ಇರುವೆ ಮುಟ್ಟಲ್ಲ. ಡಬ್ಬಿ ತೆರೆದು ಬಹಳ ದಿನವಾಗಿದ್ದರೆ ಎಣ್ಣೆ ಕಮಟು ಹಿಡಿಯುತ್ತದೆ, ಅದನ್ನೂ ಮುಟ್ಟಲ್ಲ. ಹಳೇ ಚಕ್ಕುಲಿ ನಾವು ಮುಟ್ತೀವಾ? ಹಾಗೇ. ಅದಕ್ಕೆ ಬೀದಿಯವರೆಲ್ಲ ಸೇರಿ ಒಂದು ದೊಡ್ಡ ಡಬ್ಬಿ ತಂದು ಅದೇ ದಿನ ಮುಗಿಸುವುದು ಲಾಭ. ಕೈಯಿಂದ ತಿರುಗಿಸುವ ಬಿತ್ತುವ ಡಬ್ಬಿ ಇದ್ದರೆ ಸಮನಾಗಿ ಬೀಳುತ್ತದೆ. ಕೈಗವಸು ಹಾಕಿಕೊಳ್ಳಿ. ಸಿಗರೇಟು, ಪೆಟ್ರೋಲು ಮುಟ್ಟಿದ ಕೈಯಲ್ಲಿ ಬೈಟ್ ಮುಟ್ಟಬೇಡಿ.

ಅಳತೆಯನ್ನು ನಾನು ಹೇಳುವುದಿಲ್ಲ, ಡಬ್ಬಿಯ ಲೇಬಲ್ ಹೇಳುತ್ತದೆ. ಅಮೆರಿಕದಲ್ಲಿ ಕೀಟನಾಶಕದ ಲೇಬಲ್ ಅಂದರೆ ಕಾನೂನು. ಕೆಲವು ಬೈಟನ್ನು ತರಕಾರಿ ಮಡಿಯೊಳಗೆ ಹಾಕುವಂತಿಲ್ಲ. ತಿನ್ನುವ ಬೆಳೆ ಇರುವ ಕಡೆಗೆ ಯಾವುದು ಸಲ್ಲುತ್ತದೆ ಅಂತ ಕೊಳ್ಳುವ ಮೊದಲೇ ಓದಿ.

ನೆಲಕ್ಕೆ ಮಾತ್ರ ಹಾಕಿ ಸುಮ್ಮನಾದರೆ ಅರ್ಧ ಕೆಲಸ. ಮರದ ಮೇಲಿನ ಗೂಡು ಹಾಗೇ ಉಳಿಯುತ್ತದೆ. ಅದಕ್ಕೆ ಆಂಟ್ ಲ್ಯಾಬಿನವರು ಜೆಲ್ ಬೈಟ್ ಮಾಡುವುದನ್ನು ಕಲಿಸಿದ್ದಾರೆ. ಪೀನಟ್ ಬಟರ್, ಎಣ್ಣೆ, ನೀರು, ಗಟ್ಟಿಯಾಗಲು ಕ್ಸಾಂಥನ್ ಗಮ್, ಜೊತೆಗೆ ಮೆಥೊಪ್ರೀನ್. ಕಲಸಿದ ಮೇಲೆ ನೋಡಿದರೆ ಥೇಟ್ ಇಡ್ಲಿ ಹಿಟ್ಟು. ಚಿಮ್ಮಿಸುವ ಬಾಟಲಿಯಲ್ಲಿ ತುಂಬಿ ಕಾಂಡ, ಕವಲು, ಕೊಂಬೆಗಳಿಗೆ ಹನಿ ಹನಿಯಾಗಿ ಎರಚಬೇಕು. ಕರಿಬೇವು, ಬೆಣ್ಣೆಹಣ್ಣು, ತೆಂಗು, ಒಂದೂ ಬಿಡಬಾರದು. ಮೊದಲ ಸಲ ಕಲಸುವಾಗ ತರಬೇತಿ ಇರುವವರು ಪಕ್ಕದಲ್ಲಿರಲಿ.

ಇದನ್ನು ಆರು ವಾರಕ್ಕೊಮ್ಮೆ, ಕಡಿಮೆಯೆಂದರೆ ಒಂದು ವರ್ಷ ಮಾಡಬೇಕು. ಅಂದರೆ ಎಂಟು ಸುತ್ತು. ಮೊದಲ ಸಭೆಯಲ್ಲೇ ಈ ಎಂಟನ್ನು ಹೇಳಿಬಿಡಿ. ‘ಒಂದೆರಡು ಸಲ ಸಾಕು’ ಅಂತ ಕರೆತಂದರೆ ಮೂರನೇ ಸಲ ಯಾರೂ ಬರಲ್ಲ.

ಹಂತ 6: ಮೂರನೇ ಸುತ್ತಿನ ಸುಸ್ತು

ಎರಡು ಸುತ್ತಾದ ಮೇಲೆ ಕಚ್ಚುವುದು ಕಡಿಮೆಯಾಗುತ್ತದೆ. ಜನ ‘ಹೋಯ್ತಲ್ಲ’ ಅಂತ ಕೈಬಿಡುವುದೂ ಆಗಲೇ. ನಮ್ಮ ಬೀದಿಯಲ್ಲಿ ಮೂರನೇ ಸುತ್ತಿಗೆ ಅರ್ಧ ಮನೆ ಬರಲಿಲ್ಲ. ಆಗ ನಾವು ಮಾಡಿದ್ದು ಇಷ್ಟು. ಮಕ್ಕಳ ಕೈಲಿ ಮತ್ತೆ ಕಡ್ಡಿ ಇಡಿಸಿ, ಹಳೇ ನಕ್ಷೆ, ಹೊಸ ನಕ್ಷೆ ಎರಡನ್ನೂ ಅಂಚೆ ಡಬ್ಬಿಗಳ ಪಕ್ಕದ ಹಲಗೆಯ ಮೇಲೆ ಅಂಟಿಸಿದೆವು. ಕೆಂಪು ಚೌಕ ಕಡಿಮೆಯಾಗಿತ್ತು, ಸೊನ್ನೆ ಆಗಿರಲಿಲ್ಲ. ಮೂಲೆ ಮನೆಯ ಕೆಂಪು ಚೌಕದಿಂದ ಎರಡು ಮನೆಗೆ ಮತ್ತೆ ಹಬ್ಬಿದ್ದು ಎಲ್ಲರಿಗೂ ಕಂಡಿತು. ಯಾರ ಹೆಸರನ್ನೂ ಬರೆದಿರಲಿಲ್ಲ, ಬರೆಯಲೂಬಾರದು.

ಒಬ್ಬರೇ ಎಲ್ಲ ಹೊರಬೇಡಿ. ಒಂದೊಂದು ಸುತ್ತಿಗೆ ಒಂದೊಂದು ಮನೆ ಮುಂದಾಳು. ಹಿಂದಿನ ದಿನ ವಾಟ್ಸಾಪ್‌ನಲ್ಲಿ ಒಂದು ಸಂದೇಶ, ಹವಾಮಾನ ನೋಡಿ ಬೆಳಗ್ಗೆ ಇನ್ನೊಂದು. ವಯಸ್ಸಾದವರ ಹಿತ್ತಲಿಗೆ ಹರೆಯದವರು ಹಾಕಿಕೊಡಲಿ. ಎಂಟು ಸುತ್ತು ಮುಗಿದ ಮೇಲೆ ಇಡೀ ಬೀದಿಗೆ ಕಡ್ಡಿ ಇಡಿ. ಎಲ್ಲಾದರೂ ಸಿಕ್ಕರೆ ಆ ಮನೆ ಮತ್ತು ಸುತ್ತಲಿನ ಮನೆಗಳಲ್ಲಿ ಮುಂದುವರಿಸಿ. ಸಿಗದಿದ್ದರೂ ವರ್ಷಕ್ಕೊಮ್ಮೆ ನೋಡುವುದು ಬಿಡಬೇಡಿ.

ಈ ಪಾಡು ದ್ವೀಪದ್ದೇ ಆಗಬೇಕಿಲ್ಲ. ಕೊಡಗಿನ ಶನಿವಾರಸಂತೆ, ಸೋಮವಾರಪೇಟೆ ಕಡೆಯ ಕಾಫಿ ತೋಟದವರಿಗೆ ಆಫ್ರಿಕನ್ ಬಸವನಹುಳು ಹೀಗೇ ಕಾಟ ಕೊಟ್ಟಿದೆ. ಅಂಡಮಾನಿನಲ್ಲೂ ಇದೆ. ಬಸವನಹುಳುವಿಗಾದರೆ ಕಡ್ಡಿಯ ಬದಲು ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ, ಎಲೆಕೋಸು ಇಟ್ಟು ಬೆಳಗ್ಗೆ ಆರಿಸುತ್ತಾರೆ. ಕೈಗವಸು ಇಲ್ಲದೆ ಮುಟ್ಟಬಾರದು, ಅದರಲ್ಲಿ ಮಿದುಳಿಗೆ ಏರುವ ಹುಳು ಇರಬಹುದು. ಉಳಿದಂತೆ ನಕ್ಷೆ, ಒಂದೇ ದಿನ, ಪಕ್ಕದ ತೋಟದ ಒಪ್ಪಿಗೆ, ಎಲ್ಲ ಅದೇ.

ಬೇರೆ ದ್ವೀಪದಲ್ಲಿದ್ದರೆ: ಮೊದಲು ಫೋನ್, ಆಮೇಲೆ ಬೈಟ್

ಇದುವರೆಗೆ ಹೇಳಿದ್ದು ಇರುವೆ ಆಗಲೇ ತುಂಬಿರುವ ಬಿಗ್ ಐಲ್ಯಾಂಡಿಗೆ. ನೀವು ಮಾವಿ, ಒವಾಹು, ಕವಾಯಿ, ಮೊಲೊಕಾಯಿ, ಲನಾಯಿಯಲ್ಲಿ ಇದ್ದರೆ ಲೆಕ್ಕ ಬೇರೆ. ಅನುಮಾನ ಬಂದ ಕೂಡಲೇ ಆ ದ್ವೀಪದ ಆಕ್ರಮಣಕಾರಿ ಜೀವಿ ಸಮಿತಿಗೆ ಅಥವಾ ರಾಜ್ಯದ ಕೀಟ ಸಹಾಯವಾಣಿಗೆ ತಿಳಿಸಿ. ನಂಬರ್ 643-7378. ಕೊನೆಯ ನಾಲ್ಕು ಅಂಕಿ ಫೋನಿನ ಅಕ್ಷರದಲ್ಲಿ ‘ಪೆಸ್ಟ್’ ಅಂತಾಗುತ್ತದೆ, ನೆನಪಿಡಲು ಸುಲಭ. ನೀವೇ ಔಷಧಿ ಹಾಕಲು ಹೋದರೆ ಇರುವೆ ಚದುರಿ, ಎಲ್ಲಿಯವರೆಗೆ ಹಬ್ಬಿದೆ ಅನ್ನುವುದೇ ಗೊತ್ತಾಗದೆ ಹೋಗುತ್ತದೆ.

ಬೇಗ ಸಿಕ್ಕಿದರೆ ಏನಾಗುತ್ತದೆ ಅನ್ನುವುದಕ್ಕೆ ಮಾವಿಯಲ್ಲೇ ಎರಡು ಉದಾಹರಣೆ. ವೈಹೆಯಲ್ಲಿ 2009ರಲ್ಲಿ ಒಂದು ಸಣ್ಣ ತೋಟದಲ್ಲಿ ಸಿಕ್ಕಿತು, ಅಲ್ಲಿಂದ ಅದನ್ನು ಪೂರ್ತಿ ತೆಗೆದರು. ನಹಿಕುವಿನಲ್ಲಿ 2014ರಲ್ಲಿ ಸಿಗುವ ಹೊತ್ತಿಗೆ ಕಾಡು, ಕಣಿವೆ, ತೊರೆಯ ಗುಂಟ ಹಬ್ಬಿತ್ತು. ಅಲ್ಲಿ ಹೆಲಿಕಾಪ್ಟರಿನಿಂದ ಬೈಟ್ ಹಾಕಬೇಕಾಯಿತು. ಅಕ್ಟೋಬರಿನಲ್ಲಿ ರಾಜ್ಯಕ್ಕೆಲ್ಲ ಇರುವೆ ಪತ್ತೆಯ ಅಭಿಯಾನ ನಡೆಯುತ್ತದೆ. ಆ ತಿಂಗಳು ನಿಮ್ಮ ಬೀದಿಯಲ್ಲೂ ಕಡ್ಡಿ ಇಡಿಸಿ.

ಗಿಡ ಕೊಡುವುದು, ತಗೊಳ್ಳುವುದು

ಬೀದಿ ಹಸಿರಾದ ಮೇಲೆ ಮತ್ತೆ ಕೆಂಪಾಗುವುದು ಹೊಸ ಕುಂಡದಿಂದಲೇ. ಗಿಡ ಹಂಚಬೇಡಿ ಅಂತ ಯಾರಿಗೂ ಹೇಳಲಾಗದು. ಇಲ್ಲಿನವರಿಗೂ ನಮಗೂ ‘ಗಿಡದ ಒಂದು ತುಂಡು ಕೊಡಿ, ನಮ್ಮಲ್ಲೂ ನೆಡುತ್ತೇವೆ’ ಅನ್ನುವುದು ಸಲಿಗೆಯ ಮಾತು. ಹಾಗಾಗಿ ನಮ್ಮ ಬೀದಿಯಲ್ಲಿ ನಿಯಮ ಸಣ್ಣದು. ನರ್ಸರಿಯದಾಗಲಿ, ನೆಂಟರದಾಗಲಿ, ಹೊಸ ಕುಂಡ ಬಂದರೆ ಬೇರೆ ಗಿಡಗಳಿಂದ ದೂರ, ಸಿಮೆಂಟ್ ನೆಲದ ಮೇಲೆ ಇಡಬೇಕು. ಕುಂಡಕ್ಕೆ ಎರಡು ಕಡ್ಡಿ, ಒಂದು ಮಣ್ಣಿನ ಮೇಲೆ, ಒಂದು ಕೆಳಗಿನ ತೂತಿನ ಹತ್ತಿರ. ಮಲ್ಚ್ ಲೋಡ್ ತರಿಸಿದರೆ ಹರಡುವ ಮೊದಲು ರಾಶಿಯ ಸುತ್ತಲೂ ಕಡ್ಡಿ. ಇರುವೆ ಸಿಕ್ಕರೆ ಕೊಟ್ಟವರಿಗೆ ಮೆಲ್ಲಗೆ ತಿಳಿಸಬೇಕು, ಜಗಳಕ್ಕೆ ಹೋಗಬಾರದು.

ನನಗೆ ಕರಿಬೇವು ಕೊಟ್ಟವರಿಗೂ ಹೇಳಿದೆ. ಪಾಪ, ಅವರಿಗೆ ತಮ್ಮ ಹಿತ್ತಲಲ್ಲಿ ಇರುವೆ ಇರುವುದೇ ಗೊತ್ತಿರಲಿಲ್ಲ. ಅಂಗಳದ ಆ ಮೂಲೆಗೆ ಹೋಗುವುದನ್ನೇ ಬಿಟ್ಟಿದ್ದರಂತೆ. ಮುಂದಿನ ಶನಿವಾರ ಅವರ ಮನೆಗೆ ಕಡ್ಡಿ, ಪೀನಟ್ ಬಟರ್ ಹಿಡಿದು ಹೋದೆವು. ಆ ಒಂದು ಗಂಟೆ ಕಾಯುವ ಹೊತ್ತಿಗೆ ಚಿತ್ರಾನ್ನ ಮಾಡಿದ್ದರು. ಒಗ್ಗರಣೆಗೆ ಕರಿಬೇವನ್ನು ಅಂಗಡಿಯಿಂದ ತಂದಿದ್ದರು.